ಕಡಲ ಸೂಕ್ಷ್ಮ ಪಾಚಿಯಿಂದ ಔಷಧ: ಲ್ಯಾಬಿನಿಂದ ರೋಗಿಯ ತನಕ ಎಷ್ಟು ದೂರ?

ಅಡ್ಸೆಟ್ರಿಸ್ ಅಂತ ಒಂದು ಇಂಜೆಕ್ಷನ್ ಇದೆ. ದುಗ್ಧಗ್ರಂಥಿಗಳಲ್ಲಿ ಶುರುವಾಗುವ ಹಾಡ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ಕೊಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2011ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುಂಚೆ, ಕೀಮೋ ಮತ್ತು ಆಕರಕೋಶ ಕಸಿ ಎರಡೂ ಆಗಿ ಮತ್ತೆ ರೋಗ ಮರುಕಳಿಸಿದ್ದ 102 ಜನರಿಗೆ ಕೊಟ್ಟು ನೋಡಿದ್ದರು. ಅವರಲ್ಲಿ ಶೇ 75 ಮಂದಿಗೆ ಗಡ್ಡೆ ಚೆನ್ನಾಗಿ ಕುಗ್ಗಿತು, ಶೇ 34 ಮಂದಿಗೆ ರೋಗದ ಗುರುತೇ ಸಿಗದಂತಾಯಿತು. ಇನ್ನೇನೂ ಉಳಿದಿಲ್ಲ ಅನ್ನುವ ಹಂತದಲ್ಲಿದ್ದವರು ಅವರು. ಈ ಔಷಧದಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಭಾಗ ಇದೆಯಲ್ಲ, ಅದರ ಮೂಲ ಮಾದರಿಯನ್ನು ತಯಾರಿಸಿದ್ದು ಕಡಲಿನ ಒಂದು ಪಾಚಿ.

ಆದ್ದರಿಂದ "ಸಮುದ್ರದ ಪಾಚಿಯಲ್ಲಿ ಕ್ಯಾನ್ಸರ್‌ಗೆ ಮದ್ದು" ಅನ್ನುವ ಸುದ್ದಿ ಬಂದಾಗ ಅದನ್ನು ಸುಳ್ಳು ಅಂತ ತಳ್ಳಿಹಾಕುವಂತಿಲ್ಲ. ಹಾಗಂತ ಅದನ್ನು ಇದ್ದ ಹಾಗೇ ನಂಬುವಂತೆಯೂ ಇಲ್ಲ. ಆ ಸುದ್ದಿಯಲ್ಲಿ ಹೇಳುವುದು ಲ್ಯಾಬಿನಲ್ಲಿ ಕಂಡ ಫಲಿತಾಂಶ. ಅಲ್ಲಿಂದ ಆಸ್ಪತ್ರೆಯ ಮಂಚದ ತನಕ ಏನೇನು ಆಗಬೇಕು ಅನ್ನುವುದನ್ನು ಅದು ಹೇಳುವುದೇ ಇಲ್ಲ. ನನ್ನ ಪ್ರಕಾರ ನಾವು ಗಮನ ಕೊಡಬೇಕಾದದ್ದು ಆ ನಡುವಿನ ದಾರಿಗೆ. ಹೊಸ ಅಣು ಸಿಗುವುದು ಕಷ್ಟವಲ್ಲ, ಸಿಗುತ್ತಲೇ ಇವೆ. ಅದನ್ನು ಸಾಕಷ್ಟು ಪ್ರಮಾಣದಲ್ಲಿ ಮಾಡುವುದು, ಮನುಷ್ಯನ ಮೈ ತಡೆದುಕೊಳ್ಳುವ ಹಾಗೆ ಕೊಡುವುದು, ಇವೆರಡೇ ಕಷ್ಟ.

ಅಡ್ಸೆಟ್ರಿಸ್‌ನ ಹಿಂದಿನ ಕಥೆಯನ್ನೇ ನೋಡಿ. 1972ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜಾರ್ಜ್ ಪೆಟಿಟ್ ಅವರ ತಂಡ ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ ಹತ್ತಿರ, ಕಡಲ ಮೊಲಗಳನ್ನು ಸಂಗ್ರಹಿಸಿತು. ಕಡಲ ಮೊಲ ಅಂದರೆ ಮೈಮೇಲೆ ಚಿಪ್ಪು ಕಾಣದ, ಮೆತ್ತಗಿನ, ಬಸವನಹುಳುವಿನ ಜಾತಿಯ ಪ್ರಾಣಿ. ತಲೆಯ ಮೇಲೆ ಕಿವಿಯಂಥ ಎರಡು ಮೊನೆ ಇರುವುದಕ್ಕೆ ಆ ಹೆಸರು. ಅದರ ಸಾರದಲ್ಲಿ ಕ್ಯಾನ್ಸರ್ ಕೋಶ ಬೆಳೆಯದಂತೆ ತಡೆಯುವ ಏನೋ ಇತ್ತು. ಏನದು ಅಂತ ಬೇರ್ಪಡಿಸಿ, ಅದರ ರಚನೆ ಪ್ರಕಟಿಸುವ ಹೊತ್ತಿಗೆ 1987 ಬಂದಿತ್ತು. ಹದಿನೈದು ವರ್ಷ! ಯಾಕೆಂದರೆ ಒಂದು ಟನ್ನಿಗೂ ಜಾಸ್ತಿ ಕಡಲ ಮೊಲವನ್ನು ಅರೆದು, ಸೋಸಿ, ಮತ್ತೆ ಮತ್ತೆ ಬೇರ್ಪಡಿಸಿದ ಮೇಲೆ ಕೈಗೆ ಸಿಕ್ಕಿದ್ದು ಸುಮಾರು 29 ಮಿಲಿಗ್ರಾಂ. ಚಮಚದ ತುದಿಗೂ ಸಾಲದು. ಅದಕ್ಕೆ ಡೊಲಸ್ಟಾಟಿನ್ 10 ಅಂತ ಹೆಸರಿಟ್ಟರು.

ಆಮೇಲೆ ಗೊತ್ತಾಗಿದ್ದೇನೆಂದರೆ, ಕಡಲ ಮೊಲ ಅದನ್ನು ತಾನು ತಯಾರಿಸುವುದೇ ಇಲ್ಲ, ತಿಂದ ಆಹಾರದಿಂದ ಪಡೆಯುತ್ತದೆ. 2001ರಲ್ಲಿ ಪೆಸಿಫಿಕ್ ಸಾಗರದ ಪಲಾವ್ ದ್ವೀಪದಲ್ಲಿ ಸಿಕ್ಕ ಸಿಂಪ್ಲೋಕಾ ಜಾತಿಯ ನೀಲಿ-ಹಸಿರು ಪಾಚಿಯಲ್ಲಿ ಅದೇ ಡೊಲಸ್ಟಾಟಿನ್ 10 ನೇರವಾಗಿ ಸಿಕ್ಕಿತು. ಪಾಚಿಯನ್ನು ಕಡಲ ಮೊಲ ತಿನ್ನುತ್ತದೆ, ಪಾಚಿಯ ವಿಷ ಅದರ ಮೈಯಲ್ಲಿ ಶೇಖರವಾಗುತ್ತದೆ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನೀಲಿ-ಹಸಿರು ಪಾಚಿ ವಿಜ್ಞಾನದ ಲೆಕ್ಕದಲ್ಲಿ ಪಾಚಿಯಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಡಯಾಟಮ್, ಡೈನೊಫ್ಲಾಜೆಲೇಟ್ ಇವೆಲ್ಲ ನಿಜವಾದ ಸೂಕ್ಷ್ಮ ಪಾಚಿಗಳು. ಔಷಧ ಹುಡುಕುವವರು ಎರಡನ್ನೂ ಒಟ್ಟಿಗೇ ನೋಡುತ್ತಾರೆ, ನಾನೂ ಹಾಗೇ ಬರೆಯುತ್ತಿದ್ದೇನೆ.

ಒಂದು ಸಣ್ಣ ಪಾಚಿಗೆ ಇಷ್ಟು ಭಯಂಕರ ವಿಷ ಯಾಕೆ ಬೇಕು? ಅದಕ್ಕೆ ಓಡಲು ಕಾಲಿಲ್ಲ, ಮುಚ್ಚಿಕೊಳ್ಳಲು ಗಟ್ಟಿ ಚಿಪ್ಪಿಲ್ಲ. ಸುತ್ತಲೂ ತಿನ್ನುವವರೇ. ಡಯಾಟಮ್‌ಗೆ ಗಾಜಿನಂಥ ಕವಚ ಇದ್ದರೂ ಅದನ್ನು ಕೋಪಿಪಾಡ್ ಎಂಬ ಸೀಗಡಿ ಜಾತಿಯ ಪುಟ್ಟ ಜೀವಿ ಮುರಿದು ತಿನ್ನುತ್ತದೆ. 1999ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿರುವ ಕಡಲ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಒಂದು ಸೋಜಿಗ ವರದಿ ಮಾಡಿದರು. ಕವಚ ಮುರಿದಾಗ ಡಯಾಟಮ್ ಆಲ್ಡಿಹೈಡ್ ಎಂಬ ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತದೆ. ಅವು ತಿಂದ ಕೋಪಿಪಾಡನ್ನು ಕೊಲ್ಲುವುದಿಲ್ಲ, ಆದರೆ ಅದರ ಮೊಟ್ಟೆ ಒಡೆದು ಮರಿಯಾಗದಂತೆ ತಡೆಯುತ್ತವೆ. ಅಂದರೆ ಆ ಡಯಾಟಮ್ ಸತ್ತರೂ, ತಿಂದವನ ಮುಂದಿನ ಪೀಳಿಗೆ ಕಡಿಮೆಯಾಗುತ್ತದೆ. ಮೊಟ್ಟೆ ಮರಿಯಾಗಬೇಕಾದರೆ ಕೋಶ ಬೇಗ ಬೇಗ ಒಡೆದು ಎರಡಾಗುತ್ತಾ ಹೋಗಬೇಕು. ಕ್ಯಾನ್ಸರಿನಲ್ಲೂ ನಡೆಯುವುದು ಕೋಶಗಳ ಅಂಥದೇ ಓಟ. ಅದೇ ವಿಜ್ಞಾನಿಗಳು ಆ ವಸ್ತುವನ್ನು ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದಾಗ ಅಲ್ಲೂ ಬೆಳವಣಿಗೆ ನಿಂತಿತು. ಪಾಚಿಯ ವಿಷಕ್ಕೂ ಕ್ಯಾನ್ಸರ್ ಔಷಧಕ್ಕೂ ಇರುವ ನಂಟು ಇದು, ಆಕಸ್ಮಿಕ ಅಲ್ಲ.

ಸರಿ, ಡೊಲಸ್ಟಾಟಿನ್‌ಗೆ ವಾಪಸ್ ಬರೋಣ. ಲ್ಯಾಬಿನಲ್ಲಿ ಅದು ಅದ್ಭುತವಾಗಿ ಕೆಲಸ ಮಾಡಿತು. ರೋಗಿಗಳಿಗೆ ಕೊಟ್ಟಾಗ ಸೋತಿತು. ಎರಡನೇ ಹಂತದ ಪ್ರಯೋಗಗಳಲ್ಲಿ ಗಡ್ಡೆ ಕುಗ್ಗುವಷ್ಟು ಡೋಸ್ ಕೊಡಲು ಆಗಲಿಲ್ಲ, ಅಷ್ಟರೊಳಗೇ ಮೈಗೆ ಏಟು ಬೀಳುತ್ತಿತ್ತು. ಅದರ ರಚನೆ ಸ್ವಲ್ಪ ಬದಲಿಸಿ ಮಾಡಿದ ಸೊಬ್ಲಿಡೋಟಿನ್ ಕೂಡ ದಡ ಮುಟ್ಟಲಿಲ್ಲ. ವರ್ಷಗಟ್ಟಲೆ ದುಡಿದ ಕೆಲಸ ಅಲ್ಲಿಗೇ ನಿಂತುಹೋಗಬಹುದಿತ್ತು.

ನಿಲ್ಲದಿರಲು ಕಾರಣ ಇನ್ನೊಂದು ಕಡೆ ನಡೆದಿದ್ದ ಬೇರೆಯೇ ಕೆಲಸ. ಡೊಲಸ್ಟಾಟಿನ್ ಮಾದರಿಯಲ್ಲೇ ಲ್ಯಾಬಿನಲ್ಲಿ ಪೂರ್ತಿ ಕೃತಕವಾಗಿ ಮಾಡಿದ ಎಂಎಂಎಇ ಅನ್ನುವ ಅಣು ಬಂತು. ಅದನ್ನು ನೇರವಾಗಿ ರಕ್ತಕ್ಕೆ ಬಿಡುವ ಬದಲು ಒಂದು ಪ್ರತಿಕಾಯಕ್ಕೆ, ಅಂದರೆ ಆಂಟಿಬಾಡಿಗೆ, ಕಟ್ಟಿದರು. ಒಂದು ಆಂಟಿಬಾಡಿಗೆ ಸುಮಾರು ನಾಲ್ಕು ಅಣು. ವಿಷವನ್ನು ಗಟ್ಟಿ ಲಕೋಟೆಯಲ್ಲಿ ಹಾಕಿ, ಅಂಟಿಸಿ, ವಿಳಾಸ ಬರೆದು ಕಳಿಸಿದ ಹಾಗೆ ಇದು. ಅಡ್ಸೆಟ್ರಿಸ್‌ನಲ್ಲಿ ಆ ವಿಳಾಸ ಸಿಡಿ30 ಎಂಬ ಪ್ರೋಟೀನು. ಹಾಡ್‌ಕಿನ್ ಲಿಂಫೋಮಾದ ಕ್ಯಾನ್ಸರ್ ಕೋಶಗಳ ಮೈಮೇಲೆ ಇದು ಜಾಸ್ತಿ ಇರುತ್ತದೆ, ಆರೋಗ್ಯವಂತ ಕೋಶಗಳಲ್ಲಿ ತೀರಾ ಕಡಿಮೆ. ಆಂಟಿಬಾಡಿ ಹೋಗಿ ಅಲ್ಲಿ ಕೂತ ಮೇಲೆ ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗಿರುವ ಕಿಣ್ವವೊಂದು ಕೊಂಡಿ ಕತ್ತರಿಸುತ್ತದೆ. ವಿಷ ಬಿಡುಗಡೆಯಾಗುವುದು ಆಗ. ಕೋಶ ಎರಡಾಗಲು ಬೇಕಾದ ಟ್ಯುಬುಲಿನ್ ಎಳೆಗಳನ್ನು ಅದು ಕಟ್ಟಲು ಬಿಡುವುದಿಲ್ಲ, ಕೋಶ ಅಲ್ಲಿಗೇ ಸಾಯುತ್ತದೆ. ಎಂಎಂಎಇ ಎಷ್ಟು ಪ್ರಬಲ ಅಂದರೆ, ಕೀಮೋದಲ್ಲಿ ಬಳಸುವ ಡಾಕ್ಸೊರುಬಿಸಿನ್‌ಗಿಂತ ನೂರರಿಂದ ಸಾವಿರ ಪಟ್ಟು. ಒಂಟಿಯಾಗಿ ಕೊಡಲು ಆಗದೇ ಇದ್ದದ್ದೂ ಅದಕ್ಕೇ. ಹೀಗೆ ಕಟ್ಟಿ ಕೊಟ್ಟಾಗಲೂ ಸ್ವಲ್ಪ ಸೋರುತ್ತದೆ, ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಹಲವರಿಗೆ ಬರುತ್ತದೆ. ಅದನ್ನೂ ಹೇಳಲೇಬೇಕು.

ಈ ದಾರಿ ತೆರೆದ ಮೇಲೆ ಇನ್ನಷ್ಟು ಔಷಧಗಳು ಬಂದವು. 2019ರಲ್ಲಿ ಪೊಲಟುಜುಮ್ಯಾಬ್ ವೆಡೋಟಿನ್, ಎನ್‌ಫೋರ್ಟುಮ್ಯಾಬ್ ವೆಡೋಟಿನ್, 2021ರಲ್ಲಿ ಟಿಸೊಟುಮ್ಯಾಬ್ ವೆಡೋಟಿನ್. ಹೆಸರಿನ ಕೊನೆಗೆ "ವೆಡೋಟಿನ್" ಇದ್ದರೆ ಒಳಗಿರುವುದು ಎಂಎಂಎಇ ಅಂತ ತಿಳಿಯಬಹುದು. ಇದರಲ್ಲಿ ಎನ್‌ಫೋರ್ಟುಮ್ಯಾಬ್‌ನ ಫಲಿತಾಂಶ ನೋಡಿದರೆ ಇದರ ತೂಕ ಅರ್ಥವಾಗುತ್ತದೆ. ಮೈಯೆಲ್ಲ ಹರಡಿದ ಮೂತ್ರಕೋಶದ ಕ್ಯಾನ್ಸರಿನಲ್ಲಿ ಮಾಮೂಲಿ ಕೀಮೋ ಪಡೆದವರ ಮಧ್ಯಕ ಆಯಸ್ಸು, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 16.1 ತಿಂಗಳಿತ್ತು. ಈ ಔಷಧವನ್ನು ಪೆಂಬ್ರೊಲಿಜುಮ್ಯಾಬ್ ಎಂಬ, ಮೈಯ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧದ ಜೊತೆ ಪಡೆದವರಲ್ಲಿ ಅದು 31.5 ತಿಂಗಳಾಯಿತು. 2023ರಲ್ಲಿ ಬಂದ ಫಲಿತಾಂಶ ಇದು. ಅದೇ ವರ್ಷ ಫೈಜರ್ ಕಂಪನಿ ಈ ತಂತ್ರ ಬೆಳೆಸಿದ ಸೀಜೆನ್ ಕಂಪನಿಯನ್ನು 4,300 ಕೋಟಿ ಡಾಲರಿಗೆ ಕೊಂಡಿತು. ಕಡಲ ಮೊಲ ತಿಂದ ಪಾಚಿಯ ಒಂದು ಅಣುವಿನ ಸುತ್ತ ಇಷ್ಟೆಲ್ಲ ಕಟ್ಟಿಕೊಂಡಿದೆ.

ಇದರಿಂದ ಒಂದು ವಿಷಯ ಸ್ಪಷ್ಟ ಆಗುತ್ತದೆ ಅಲ್ವಾ? ಪಾಚಿ ಕೊಟ್ಟಿದ್ದು ನಕ್ಷೆ. ಔಷಧ ಆಗಿದ್ದು ರಸಾಯನಶಾಸ್ತ್ರ, ಪ್ರತಿಕಾಯ ತಂತ್ರ, ವರ್ಷಗಟ್ಟಲೆ ಪ್ರಯೋಗ ಎಲ್ಲ ಸೇರಿ. ಸಂಗ್ರಹಿಸಿದ 1972ರಿಂದ ಒಪ್ಪಿಗೆ ಸಿಕ್ಕ 2011ರ ತನಕ 39 ವರ್ಷ. ಇವತ್ತು ಯಾವುದೋ ಲ್ಯಾಬಿನಲ್ಲಿ ಸಿಕ್ಕ ಪಾಚಿಯ ಸಾರ ನಾಳೆ ನಮ್ಮ ಮನೆಯ ರೋಗಿಗೆ ಸಿಗುತ್ತದೆ ಅಂತ ಆಸೆ ಹುಟ್ಟಿಸುವುದು ಅವರಿಗೆ ಮಾಡುವ ಅನ್ಯಾಯ.

ಇನ್ನು ಪ್ರಮಾಣದ ಪ್ರಶ್ನೆ. ಎಂಎಂಎಇ ಅನ್ನು ಕೃತಕವಾಗಿ ಮಾಡಬಹುದಾಗಿದ್ದರಿಂದ ಬಚಾವ್. ಎಲ್ಲ ಅಣುಗಳೂ ಹಾಗಿರುವುದಿಲ್ಲ. ಎಷ್ಟೋ ಅಣುಗಳ ರಚನೆ ಎಷ್ಟು ಜಟಿಲ ಅಂದರೆ ಪಾಚಿಯನ್ನು ಬೆಳೆಸಿಯೇ ಪಡೆಯಬೇಕು. ಬೆಳೆಸುವುದು ಹೇಗೆ? ಮೊದಲು ಸಮುದ್ರದ ನೀರನ್ನು ತುಂಬಾ ಸಣ್ಣ ಕಣ್ಣಿನ ಬಲೆಯಲ್ಲಿ ಸೋಸುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ, ಕಾಯಿಸಿ ಎಳೆದು ಕೂದಲಿನಷ್ಟು ತೆಳ್ಳಗೆ ಮಾಡಿದ ಗಾಜಿನ ನಳಿಗೆಯಿಂದ ಒಂದೇ ಒಂದು ಕೋಶವನ್ನು ಹೀರಿ ತೆಗೆದು, ಶುದ್ಧ ನೀರಿನ ಹನಿಗಳಲ್ಲಿ ಒಂದಾದ ಮೇಲೊಂದು ತೊಳೆದು, ನೈಟ್ರೇಟ್, ಫಾಸ್ಫೇಟ್, ಚೂರು ಬಿ12 ವಿಟಮಿನ್ ಹಾಕಿದ ಕಡಲ ನೀರಿನಲ್ಲಿ ಬಿಡುತ್ತಾರೆ. ಡಯಾಟಮ್ ಆದರೆ ಕವಚಕ್ಕೆ ಸಿಲಿಕೇಟ್ ಬೇರೆ ಬೇಕು. ಹಗಲು ರಾತ್ರಿಯ ಲೆಕ್ಕದಲ್ಲಿ ದೀಪ ಹಾಕಿ ಆರಿಸಬೇಕು. ತುಂಬಾ ಕೋಶಗಳು ಸಾಯುತ್ತವೆ. ಬದುಕಿದ್ದನ್ನು ಕೆಲವು ವಾರಗಳಿಗೊಮ್ಮೆ ಹೊಸ ನೀರಿಗೆ ದಾಟಿಸುತ್ತಾ ಇರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಪಾಚಿ ಲ್ಯಾಬಿನ ಸುಖಕ್ಕೆ ಒಗ್ಗಿಕೊಂಡು ವಿಷ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ತಿನ್ನುವವರು ಯಾರೂ ಇಲ್ಲವಲ್ಲ! ಆಗ ಅದಕ್ಕೆ ಗೊಬ್ಬರ ಕಡಿಮೆ ಮಾಡಿ, ಬೆಳಕು ಜಾಸ್ತಿ ಮಾಡಿ, ಕಷ್ಟ ಕೊಟ್ಟು ನೋಡುತ್ತಾರೆ.

ಬೆಳಕಿನಲ್ಲಿ ಬೆಳೆಸುವುದಕ್ಕೆ ಇನ್ನೊಂದು ತೊಡಕು ಇದೆ. ಪಾಚಿ ದಟ್ಟವಾದ ಹಾಗೆ ಮೇಲಿನ ಕೋಶಗಳು ಕೆಳಗಿನವಕ್ಕೆ ನೆರಳು ಮಾಡುತ್ತವೆ. ತೆರೆದ ಕೊಳದಲ್ಲಿ ಲೀಟರಿಗೆ ಒಂದು ಗ್ರಾಂ ಒಣ ಪಾಚಿ ಸಿಗುವುದೇ ಕಷ್ಟ. ಈ ಮಿತಿ ದಾಟಿದ ಒಂದು ಒಳ್ಳೆಯ ಉದಾಹರಣೆ ಮಕ್ಕಳ ಹಾಲಿನ ಪುಡಿಯಲ್ಲಿದೆ. ಡಬ್ಬಿಯ ಮೇಲೆ ಡಿಎಚ್‌ಎ ಅಂತ ಬರೆದಿರುತ್ತದೆ. ಮಿದುಳಿಗೆ, ಕಣ್ಣಿಗೆ ಬೇಕಾದ ಒಮೆಗಾ-3 ಕೊಬ್ಬು ಅದು. ಮೀನೆಣ್ಣೆಯಲ್ಲೂ ಇದೆ, ಆದರೆ ಅದರ ಬಹುಪಾಲನ್ನು ಮೀನು ತಾನೇ ಮಾಡಿದ್ದಲ್ಲ, ಪಾಚಿಯಿಂದ ಮೇಲೇರಿ ಬಂದದ್ದು. ಅಮೆರಿಕದ ಮಾರ್ಟೆಕ್ ಎಂಬ ಕಂಪನಿ ಕ್ರಿಪ್ಥೆಕೊಡಿನಿಯಮ್ ಕೊಹ್ನಿ ಎಂಬ ಕಡಲ ಡೈನೊಫ್ಲಾಜೆಲೇಟನ್ನು ಆರಿಸಿಕೊಂಡಿತು. ಅದು ಬಿಸಿಲನ್ನೇ ಕೇಳುವುದಿಲ್ಲ. ಸಕ್ಕರೆ ಕೊಟ್ಟರೆ ಕತ್ತಲೆಯ ಸ್ಟೀಲ್ ತೊಟ್ಟಿಯಲ್ಲಿ ಬೆಳೆಯುತ್ತದೆ, ಪ್ರಯೋಗಗಳಲ್ಲಿ ಲೀಟರಿಗೆ ನೂರು ಗ್ರಾಂವರೆಗೂ ಬೆಳೆಸಿದ್ದಾರೆ. 2001ರಲ್ಲಿ ಮಕ್ಕಳ ಹಾಲಿನ ಪುಡಿಗೆ ಸೇರಿಸಲು ಎಫ್‌ಡಿಎ ಕಡೆಯಿಂದ ಅಡ್ಡಿ ಬರಲಿಲ್ಲ. ಇದು ಔಷಧ ಅಲ್ಲ, ಪೋಷಕಾಂಶ. ಆದರೂ ಪಾಚಿಯಿಂದ ದೊಡ್ಡ ಪ್ರಮಾಣದಲ್ಲಿ, ವರ್ಷವಿಡೀ ಒಂದೇ ಗುಣಮಟ್ಟದ ವಸ್ತು ಪಡೆಯಬಹುದು ಅಂತ ತೋರಿಸಿದ್ದು ಇದೇ.

ನಮ್ಮ ಕರಾವಳಿಯವರಿಗೆ ಪಾಚಿಯ ವಿಷ ಹೊಸದಲ್ಲ. 1983ರಲ್ಲಿ ಮಂಗಳೂರು ಕಡೆ ಮರುವಾಯಿ ತಿಂದವರಿಗೆ ವಿಷವೇರಿತು. ಅದು ಡೈನೊಫ್ಲಾಜೆಲೇಟ್‌ಗಳಿಂದ ಬರುವ, ಮೈ ಸ್ವಾಧೀನ ತಪ್ಪಿಸುವ ವಿಷ ಅಂತ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಮರುವರ್ಷ ವರದಿ ಮಾಡಿದರು. ಮರುವಾಯಿ ನೀರು ಸೋಸಿ ತಿನ್ನುವ ಜೀವಿ, ಹಾಗಾಗಿ ನೀರಿನಲ್ಲಿದ್ದ ಪಾಚಿಯ ವಿಷ ಅದರ ಮಾಂಸದಲ್ಲಿ ತುಂಬಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಸ್ಯಾಕ್ಸಿಟಾಕ್ಸಿನ್ ಅಂತ ಅದರ ಹೆಸರು, ಅದಕ್ಕೆ ಪ್ರತಿವಿಷ ಇಲ್ಲ. ನರಗಳಲ್ಲಿ ಸಂದೇಶ ಸಾಗಲು ಸೋಡಿಯಂ ಒಳಗೆ ನುಗ್ಗುವ ಬಾಗಿಲುಗಳಿರುತ್ತವೆ, ಈ ವಿಷ ಅವುಗಳಿಗೆ ಅಡ್ಡ ಕೂರುತ್ತದೆ. ತುಟಿ ಮರಗಟ್ಟುತ್ತದೆ, ಆಮೇಲೆ ಕೈಕಾಲು, ಕೊನೆಗೆ ಉಸಿರಾಟದ ಸ್ನಾಯು.

ಈಗ ಇನ್ನೊಂದು ಬದಿಯಿಂದ ನೋಡಿ. ಒಂದು ಜಾಗ ಮಾತ್ರ ಮರಗಟ್ಟಬೇಕು, ಅದೂ ತುಂಬಾ ಹೊತ್ತು, ಅಂತ ವೈದ್ಯರು ದಿನವೂ ಬಯಸುತ್ತಾರೆ. ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್ ಮಾಡುವುದೂ ಅದೇ ಸೋಡಿಯಂ ಬಾಗಿಲು ಮುಚ್ಚುವ ಕೆಲಸ, ಆದರೆ ಅದರ ಪರಿಣಾಮ ಬೇಗ ಇಳಿಯುತ್ತದೆ. ಸ್ಯಾಕ್ಸಿಟಾಕ್ಸಿನ್‌ನ ಸೋದರ ನಿಯೊಸ್ಯಾಕ್ಸಿಟಾಕ್ಸಿನ್ ಅನ್ನು ಅತಿ ಸಣ್ಣ ಪ್ರಮಾಣದಲ್ಲಿ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧದ ಜೊತೆ ಸೇರಿಸಿ ಕೊಟ್ಟಾಗ ನೋವು ಕಾಣದ ಅವಧಿ ಎಷ್ಟೋ ಜಾಸ್ತಿಯಾಯಿತು ಅಂತ ಬಾಸ್ಟನ್ ಮಕ್ಕಳ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದರು. ಆರೋಗ್ಯವಂತರ ಮೇಲೆ ಮಾಡಿದ ಮೊದಲ ಹಂತದ ಪ್ರಯೋಗ ಅದು. ಆಪರೇಷನ್ ಆದ ಮೇಲೆ ನೋವಿಗೆ ಮಾರ್ಫಿನ್ ಜಾತಿಯ ಔಷಧ ಕಡಿಮೆ ಮಾಡಬಹುದು ಅನ್ನುವುದು ಇದರ ಹಿಂದಿನ ಆಸೆ. ನನಗೆ ಇದು ಕ್ಯಾನ್ಸರ್ ಸುದ್ದಿಗಳಿಗಿಂತ ಹೆಚ್ಚು ಹತ್ತಿರದ ಭರವಸೆ ಅನ್ನಿಸುತ್ತದೆ, ಯಾಕೆಂದರೆ ಇಲ್ಲಿ ವಿಷ ಏನು ಮಾಡುತ್ತದೆ, ಎಲ್ಲಿ ಮಾಡುತ್ತದೆ ಅನ್ನುವುದು ಖಚಿತವಾಗಿ ಗೊತ್ತಿದೆ, ಬೇಕಾದ ಪ್ರಮಾಣವೂ ಮೈಕ್ರೋಗ್ರಾಂ ಲೆಕ್ಕದ್ದು.

ಹುಡುಕುವ ರೀತಿಯೂ ಬದಲಾಗುತ್ತಿದೆ. ಹಿಂದೆ ಪಾಚಿ ಅರೆದು ಸಾರ ತೆಗೆದು ನೋಡುತ್ತಿದ್ದರು. ಈಗ ಅದರ ಜೀನ್ ಓದಿ, ಯಾವ ಅಣು ಮಾಡಬಲ್ಲದು ಅಂತ ಮೊದಲೇ ಊಹಿಸುತ್ತಾರೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯವರು ಪ್ರಿಮ್ನೇಸಿಯಮ್ ಪಾರ್ವಮ್ ಎಂಬ, ಮೀನು ಕೊಲ್ಲುವ ಪಾಚಿಯಲ್ಲಿ ದೈತ್ಯ ಕಿಣ್ವವೊಂದನ್ನು ಕಂಡುಹಿಡಿದರು. ಪಿಕೆಜಿಲ್ಲಾ-1 ಅಂತ ಹೆಸರಿಟ್ಟರು. ಅಲ್ಲಿಯ ತನಕ ಗೊತ್ತಿದ್ದ ಅತಿ ದೊಡ್ಡ ಪ್ರೋಟೀನು ನಮ್ಮ ಸ್ನಾಯುವಿನಲ್ಲಿರುವ ಟೈಟಿನ್. ಇದು ಅದಕ್ಕಿಂತ ಶೇ 25ರಷ್ಟು ದೊಡ್ಡದು, 140 ಕಿಣ್ವ ಭಾಗಗಳಿವೆ. ಇದೇ ಪಾಚಿ 2022ರಲ್ಲಿ ಪೋಲೆಂಡ್, ಜರ್ಮನಿ ಗಡಿಯ ಓಡರ್ ನದಿಯಲ್ಲಿ ರಾಶಿ ರಾಶಿ ಮೀನು ಸಾಯಿಸಿತ್ತು. ಅದರ ಜೀನ್ ಇಷ್ಟು ದಿನ ಯಾರ ಕಣ್ಣಿಗೂ ಬೀಳದೇ ಇದ್ದದ್ದು ಯಾಕೆಂದರೆ ಇಷ್ಟು ಉದ್ದದ ಜೀನ್ ಇರಬಹುದು ಅಂತ ಮಾಮೂಲಿ ಸಾಫ್ಟ್‌ವೇರ್‌ಗೆ ಗೊತ್ತೇ ಇರಲಿಲ್ಲ. ಇಂಥ ವಿಷ ಕಟ್ಟುವ ವಿಧಾನ ಗೊತ್ತಾದರೆ ಅದನ್ನು ಬದಲಿಸಿ ಹೊಸ ಅಣು ಕಟ್ಟುವ ದಾರಿಯೂ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಪುಡಿ, ಮಾತ್ರೆ ಮಾರುವವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. "ಪಾಚಿಯಲ್ಲಿ ಕ್ಯಾನ್ಸರ್ ಕೊಲ್ಲುವ ಶಕ್ತಿ ಇದೆ ಅಂತ ಸಂಶೋಧನೆ ಹೇಳಿದೆ" ಅಂತ ಮೆಸೇಜ್ ಬರುತ್ತದೆ, ಕೆಳಗೆ ಒಂದು ಫೋನ್ ನಂಬರ್. ಮನೆಯಲ್ಲಿ ರೋಗಿ ಇರುವವರು ಅದನ್ನು ನಂಬುವುದು ಸಹಜ. ಆದರೆ ಗಾಜಿನ ತಟ್ಟೆಯ ಕೋಶಕ್ಕೂ ಮನುಷ್ಯನ ಮೈಗೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಬೀಟಾ ಕ್ಯಾರೋಟೀನ್ ಸಾಕ್ಷಿ. ಡುನಾಲಿಯೆಲ್ಲಾ ಎಂಬ ಉಪ್ಪು ನೀರಿನ ಪಾಚಿಯಲ್ಲಿ ಅದು ಹೇರಳ. ಆಸ್ಟ್ರೇಲಿಯಾದ ಹಟ್ ಲಗೂನ್ ಗುಲಾಬಿ ಬಣ್ಣಕ್ಕೆ ತಿರುಗಿರುವುದು ಅದರಿಂದಲೇ. ಕ್ಯಾನ್ಸರ್ ತಡೆಯುತ್ತದೆ ಅನ್ನುವ ದೊಡ್ಡ ನಿರೀಕ್ಷೆ ಅದರ ಮೇಲಿತ್ತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ಮಾಡಿ 1994ರಲ್ಲಿ ಫಲಿತಾಂಶ ಹೊರಬಂದಾಗ, ಬೀಟಾ ಕ್ಯಾರೋಟೀನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18 ಜಾಸ್ತಿ ಇತ್ತು. ಅಲ್ಲಿ ಕೊಟ್ಟಿದ್ದು ಕೃತಕ ಬೀಟಾ ಕ್ಯಾರೋಟೀನ್, ಪಾಚಿಯದ್ದಲ್ಲ. ಆದರೂ ಒಳ್ಳೆಯದೇ ಆಗುತ್ತದೆ ಅಂದುಕೊಂಡದ್ದು ಕೆಟ್ಟದ್ದು ಮಾಡಿತು ಅನ್ನುವುದು ನಿಜ. ಹಾಗೇ ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಿಂದಲೂ ಅದನ್ನು ಬೆಳೆಸುವ ವಿಧಾನದ ಮೇಲೆ ಒಳ್ಳೆಯ ಕೆಲಸ ಮಾಡಿದೆ, ಅದರ ಚಿಕ್ಕಿಯನ್ನೂ ಮಾಡಿದೆ. ಪ್ರೋಟೀನು ಇರುವ ಆಹಾರ ಅದು. ಕ್ಯಾನ್ಸರಿಗೆ ಚಿಕಿತ್ಸೆ ಅಲ್ಲ. ಕೀಮೋ ನಡೆಯುವಾಗ ಯಾವುದೇ ಪುಡಿ ಶುರುಮಾಡುವ ಮುಂಚೆ ನೋಡುತ್ತಿರುವ ಡಾಕ್ಟರ್ ಹತ್ತಿರ ಕೇಳಿ, ದಯವಿಟ್ಟು.

ಕೊನೆಗೆ, ಈ ಪಾಚಿಗಳು ಯಾರವು? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 862 ಕಡಲ ಜೀವಿಗಳ 12,998 ಜೀನ್ ಸರಣಿಗಳು ಪೇಟೆಂಟ್‌ಗಳಲ್ಲಿ ಸೇರಿವೆ ಅಂತ ಲೆಕ್ಕ ಹಾಕಿತು. ಅದರಲ್ಲಿ ಶೇ 47 ಜರ್ಮನಿಯ ಬಿಎಎಸ್‌ಎಫ್ ಎಂಬ ಒಂದೇ ಕಂಪನಿಯ ಹೆಸರಿನಲ್ಲಿತ್ತು. ಹತ್ತು ದೇಶಗಳನ್ನು ಸೇರಿಸಿದರೆ ಶೇ 98. ಯಾವ ದೇಶಕ್ಕೂ ಸೇರದ ದೂರದ ಕಡಲಿನ ಜೀವಿಗಳಿಂದ ಬರುವ ಲಾಭ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದ 2023ರಲ್ಲಿ ಅಂಗೀಕಾರವಾಗಿ, 2026ರ ಜನವರಿ 17ರಿಂದ ಜಾರಿಗೆ ಬಂದಿದೆ. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಸಹಿ ಹಾಕಿತ್ತು. ನಮ್ಮದೇ ಕಡಲ ಗಡಿಯೊಳಗಿನದಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಆದರೆ ಲಾಭದ ಪಾಲು ಕೇಳಬೇಕಾದರೆ ನಮ್ಮ ನೀರಿನಲ್ಲಿ ಏನಿದೆ ಅಂತ ಮೊದಲು ನಮಗೆ ಗೊತ್ತಿರಬೇಕು.

2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಮೊಬೈಲ್ ಹಿಡಿದು ಬೀಚಿಗೆ ಓಡಿದರು. ನಾಕ್ಟಿಲೂಕಾ ಎಂಬ ಡೈನೊಫ್ಲಾಜೆಲೇಟ್ ಅದು. ಪ್ರತಿ ಮಳೆಗಾಲದಲ್ಲೂ ಆಳದ ನೀರು ಮೇಲೆ ಬಂದು, ಗೊಬ್ಬರದಂಥ ಅಂಶಗಳು ಸೇರಿ ನಮ್ಮ ಕಡಲಿನಲ್ಲಿ ಡಯಾಟಮ್‌ಗಳು ತುಂಬಿಕೊಳ್ಳುತ್ತವೆ. ಮೀನು ಸಿಗುವುದೇ ಅದರ ಬಲದಿಂದ. ಇವುಗಳನ್ನು ಹೆಸರಿಸುವುದರ ಜೊತೆಗೆ ಒಂದೊಂದನ್ನೇ ಬೇರ್ಪಡಿಸಿ ಜೀವಂತ ಇಟ್ಟುಕೊಳ್ಳುವ ಸಂಗ್ರಹಗಳು ಬೇಕು. ಕಡಲ ನೀಲಿ-ಹಸಿರು ಪಾಚಿಗಳಿಗೆ ಅಂಥದೊಂದು ರಾಷ್ಟ್ರೀಯ ಕೇಂದ್ರ ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿ ಇದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ಸೂಕ್ಷ್ಮದರ್ಶಕ ಹಿಡಿದು ಪಾಚಿ ಗುರುತಿಸಬಲ್ಲವರಿಗೆ, ಅವುಗಳನ್ನು ವಾರಗಟ್ಟಲೆ ಹೊಸ ನೀರಿಗೆ ದಾಟಿಸುತ್ತಾ ಉಳಿಸಬಲ್ಲವರಿಗೆ ಅಲ್ಲಿ ಖಾಯಂ ಹುದ್ದೆ ಕೊಡಬೇಕು. ಮೂರು ವರ್ಷದ ಪ್ರಾಜೆಕ್ಟ್ ದುಡ್ಡಿನಲ್ಲಿ ಈ ಕೆಲಸ ಆಗುವುದಿಲ್ಲ. ಪ್ರಾಜೆಕ್ಟ್ ಮುಗಿದು ಹುಡುಗರು ಬೇರೆ ಕೆಲಸಕ್ಕೆ ಹೋದ ಎರಡೇ ತಿಂಗಳಿಗೆ ಬಾಟಲಿಯಲ್ಲಿರುವ ಪಾಚಿ ಸಾಯುತ್ತದೆ.